ಮಣ್ಣಿನ ಓವಲ್‌ಗೆ ಹಳೆ ಝೆನ್: ಮೂಗು ಬೇಲಿ ಕಡೆ ಓಡುತ್ತಿದೆ, ಎಲ್ಲಿಂದ ಶುರು ಮಾಡಲಿ?

ಭೋಸರಿ_ಲೇತ್ (ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಕಡೆಯವನು. ಪುಣೆಗೆ ಬಂದು 14 ವರ್ಷ ಆಯಿತು, ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ. ನಾವು ನಾಲ್ಕು ಜನ ಸೇರಿ ಶಿಕ್ರಾಪುರದ ಆಚೆ ಗೆಳೆಯನ ಹೊಲದಲ್ಲಿ, ಕಬ್ಬು ಕಟಾವಾದ ಮೇಲೆ, ಒಂದು ಓವಲ್, ಅಂದರೆ ಮೊಟ್ಟೆಯಾಕಾರದ ರೇಸ್ ದಾರಿ, ಮಾಡಿದ್ದೇವೆ. ನೇರ ದಾರಿ ಎರಡು, ತಲಾ 80 ಮೀಟರ್. ತಿರುವು ಎರಡು, 25 ಮೀಟರ್ ತ್ರಿಜ್ಯ. ಒಂದು ಸುತ್ತಿಗೆ 317 ಮೀಟರ್. ಕೆಳಗೆ ಎರೆ ಮಣ್ಣು. ಮೇಲೆ ಆರಿಂಚು ಗರಸು ಹಾಕಿ ರೋಲರ್ ಹೊಡೆಸಿದ್ದೇವೆ. ಒಂದು ಸಲಕ್ಕೆ ಒಂದೇ ಗಾಡಿ, ಸ್ಟಾಪ್‌ವಾಚ್ ಹಿಡಿದು ಓಡಿಸುತ್ತೇವೆ.

ಗಾಡಿ 2003ರ ಮಾರುತಿ ಝೆನ್. ಗುಜರಿಗೆ ಹೋಗುತ್ತಿದ್ದದ್ದನ್ನು ತಂದೆವು. ಹಿಂದಿನ ಸೀಟು, ಕಾರ್ಪೆಟ್, ಬಾಗಿಲಿನ ಪ್ಯಾಡ್, ಗಾಜು ಎಲ್ಲ ತೆಗೆದಾಯಿತು. ಹೋದ ಭಾನುವಾರ ಮೊದಲ ಸಲ ಓಡಿಸಿದೆ. ಸ್ಟೀರಿಂಗ್ ಎಡಕ್ಕೆ ಪೂರ್ತಿ ತಿರುಗಿಸಿದರೂ ಗಾಡಿ ನೇರ ಬೇಲಿ ಕಡೆಗೇ ಹೋಗುತ್ತದೆ. 12 ಸುತ್ತಿಗೆ ಬಲ ಮುಂದಿನ ಟೈರಿನ ಹೊರ ಅಂಚು ತುರಿದ ಕೊಬ್ಬರಿ ಥರ ಕಿತ್ತು ಬಂದಿದೆ.

ಮಾರುತಿ ಎಸ್ಟೀಮ್‌ನ 1298 ಸಿಸಿ ಎಂಜಿನ್ ಇಳಿಸು ಅಂತ ಎಲ್ಲರೂ ಹೇಳುತ್ತಿದ್ದಾರೆ. ನನ್ನ ಹತ್ತಿರ ಇನ್ನು 60 ಸಾವಿರ ಉಳಿದಿದೆ. ಏನು ಮಾಡಲಿ?

ಚಿಂಚವಡ_ಮಾಮಾ (ಪುಣೆ)

ಎಂಜಿನ್ ಆಸೆ ಮೊದಲು ಬಿಡಿ. ನಿಮ್ಮ 993 ಸಿಸಿ ಎಂಜಿನ್ನಿನ 60 ಹಾರ್ಸ್‌ಪವರ್ರೇ ಮುಂದಿನ ಟೈರಿಗೆ ಜಾಸ್ತಿ ಆಗಿದೆ. ಇನ್ನೂ ಸೇರಿಸಿದರೆ ಬೇಲಿಗೆ ಬೇಗ ಮುಟ್ಟುತ್ತೀರಿ, ಅಷ್ಟೇ.

ನಾನು ಟ್ರಾಕ್ಟರ್ ಕಂಪನಿ ಕೆಲಸದ ಮೇಲೆ ಮೂರು ವರ್ಷ ಅಮೆರಿಕದ ಅಯೋವಾದಲ್ಲಿ ಇದ್ದೆ. ಅಲ್ಲಿ ಬೇಸಿಗೆ ಬಂತೆಂದರೆ ವಾರಕ್ಕೊಂದು ರಾತ್ರಿ ಮಣ್ಣಿನ ಓವಲ್ ರೇಸ್. ಐಎಂಸಿಎ ಅನ್ನುವ ಸಂಸ್ಥೆ ಇದೆ, 1915ರಿಂದ ಇದೇ ಕೆಲಸ ಮಾಡುತ್ತಿದೆ. ಅವರ ಸ್ಪೋರ್ಟ್ ಕಾಂಪ್ಯಾಕ್ಟ್ ಕ್ಲಾಸ್ ಅಂದರೆ ಮುಂದಿನ ಚಕ್ರ ಎಳೆಯುವ ನಾಲ್ಕು ಸಿಲಿಂಡರ್ ಹಳೆ ಕಾರುಗಳು: ಕ್ಯಾವಲಿಯರ್, ನಿಯಾನ್, ಸಿವಿಕ್. ಬೇರೆ ಊರುಗಳಲ್ಲಿ ಇಂಥದ್ದನ್ನೇ ಹಾರ್ನೆಟ್ ಅನ್ನುತ್ತಾರೆ. ಪಕ್ಕದ ಮನೆಯವನ ಗಾಡಿಗೆ ಎರಡು ಸೀಸನ್ ಚಕ್ರ ಬಿಚ್ಚಿ ಹಾಕಿದವನು ನಾನು. ಅಲ್ಲಿ ಗೆಲ್ಲುತ್ತಿದ್ದ ಗಾಡಿಗಳಲ್ಲಿ ಎಂಜಿನ್ ಸಾದಾ ಇರುತ್ತಿತ್ತು. ದುಡ್ಡೆಲ್ಲ ಹೊರಗಿನ ಮುಂದಿನ ಚಕ್ರದ ಸುತ್ತ ಹೋಗಿರುತ್ತಿತ್ತು.

ವಿಜಯಪುರದವರು ಅಂದಿರಿ, ಕಾಳು ತುಳಿಸುವ ಹಂತಿ ನೋಡಿರುತ್ತೀರಿ. ಕಣದ ನಡುವೆ ಮೇಟಿ ಕಂಬ. ಅದಕ್ಕೆ ಸಾಲಾಗಿ ಎತ್ತು ಕಟ್ಟಿ ಸುತ್ತಿಸುತ್ತಾರೆ. ಮೇಟಿ ಪಕ್ಕದ ಎತ್ತು ನಿಂತಲ್ಲೇ ತಿರುಗಿದ ಹಾಗೆ ಸಣ್ಣ ಹೆಜ್ಜೆ ಇಡುತ್ತದೆ. ಹೊರಗಿನ ಎತ್ತು ಬಿರುಸಾಗಿ ನಡೆಯಬೇಕು. ನಿಮ್ಮ ಗಾಡಿಯ ಬಲ ಮುಂದಿನ ಚಕ್ರ ಆ ಹೊರಗಿನ ಎತ್ತು. ಅದೇ ಎಳೆಯಬೇಕು, ಅದೇ ತಿರುಗಿಸಬೇಕು, ಬ್ರೇಕಿನ ಹೊರೆಯೂ ಅದರದ್ದೇ. ಮೇಲಿಂದ ತಿರುವಿನಲ್ಲಿ ಇಡೀ ಗಾಡಿಯ ಭಾರದಲ್ಲಿ ನೂರಕ್ಕೆ 40 ಪಾಲು ಅದರ ಹೆಗಲಿಗೆ ಬರುತ್ತದೆ. ಹಿಂದಿನ ಎರಡು ಚಕ್ರ ಸುಮ್ನೆ ಹಿಂಬಾಲಿಸುತ್ತವೆ. ಹಾಗಾಗಿ ಮುಂದೆ ಹಿಡಿತ ಕೂಡಿಸಬೇಕು, ಹಿಂದೆ ಹಿಡಿತ ಕಳೆಯಬೇಕು. ಬಾಲ ಸ್ವಲ್ಪ ಹೊರಗೆ ಜಾರಿದರೆ ಮೂಗು ತಾನೇ ಒಳಗೆ ಬರುತ್ತದೆ.

ಮೊದಲು ದುಡ್ಡು ಬೇಡದ ಕೆಲಸ. ಹಿಂದಿನ ಟೈರಿಗೆ ಗಾಳಿ ಜಾಸ್ತಿ ಮಾಡಿ, ಮುಂದಿನದಕ್ಕೆ ಕಡಿಮೆ. ಹೊರಗಿನ ಮುಂದಿನದನ್ನು ಮಾತ್ರ ಒಳಗಿನದಕ್ಕಿಂತ ಏಳೆಂಟು ಪಿಎಸ್‌ಐ ಮೇಲೆ ಇಡಿ, ಇಲ್ಲದಿದ್ದರೆ ರಿಮ್ ಬಿಟ್ಟು ಉರುಳುತ್ತದೆ. ಆಮೇಲೆ ಓಡಿಸುವ ಕ್ರಮ. ತಿರುವಿಗೆ ಮುಂಚೆಯೇ ಆಕ್ಸಲರೇಟರ್ ಬಿಡಿ. ಎಡಗಾಲಲ್ಲಿ ಬ್ರೇಕ್ ಮೆಲ್ಲಗೆ ಮುಟ್ಟಿ. ಭಾರ ಮುಂದಕ್ಕೆ ಬರುತ್ತದೆ, ಹಿಂಭಾಗ ಹಗುರಾಗುತ್ತದೆ, ಗಾಡಿ ತಿರುಗುತ್ತದೆ. ತಿರುವಿನ ನಡುವೆ ಆಕ್ಸಲರೇಟರ್ ಒತ್ತಿದರೆ ಮೂಗು ಮತ್ತೆ ಹೊರಗೇ.

ಆಮೇಲೆ ಕ್ಯಾಂಬರ್, ಅಂದರೆ ಚಕ್ರದ ವಾಲಿಕೆ. ಹೊರಗಿನ ಮುಂದಿನ ಚಕ್ರದ ಮೇಲಂಚು ಒಳಗೆ ವಾಲಬೇಕು, 3 ಡಿಗ್ರಿಯಿಂದ ಶುರು ಮಾಡಿ. ಒಳಗಿನ ಚಕ್ರದ್ದು ಉಲ್ಟಾ, ಮೇಲಂಚು ಸ್ವಲ್ಪ ಹೊರಗೆ. ಓವಲ್ ಗಾಡಿಯನ್ನು ಮುಂದೆ ನಿಂತು ನೋಡಿದರೆ ಎರಡು ಚಕ್ರವೂ ಒಂದೇ ಕಡೆ ವಾಲಿರುತ್ತವೆ. ಝೆನ್‌ನಲ್ಲಿ ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್) ಮತ್ತು ನಾಕಲ್ (ಚಕ್ರದ ಹಬ್ ಹಿಡಿಯುವ ತುಂಡು) ಸೇರುವ ಕಡೆ ಎರಡು ಬೋಲ್ಟ್ ಇವೆ. ಸ್ಟ್ರಟ್ ಬ್ರಾಕೆಟ್‌ನ ಮೇಲಿನ ತೂತನ್ನು 3 ಮಿಮೀ ಉದ್ದ ಮಾಡಿ. ಬೋಲ್ಟುಗಳ ನಡುವೆ 55 ಮಿಮೀ ಇದ್ದರೆ 3 ಮಿಮೀಗೆ ಸುಮಾರು 3 ಡಿಗ್ರಿ ಸಿಗುತ್ತದೆ. ಅಳೆಯಲು ಗಾರೆಯವರ ತೂಗುಗುಂಡು ಸಾಕು. ಹೊರ ಚಕ್ರದ ಪಕ್ಕ ದಾರ ಇಳಿಬಿಡಿ. 13 ಇಂಚಿನ ರಿಮ್‌ನ ಮೇಲಂಚು ಕೆಳಂಚಿಗಿಂತ 17-18 ಮಿಮೀ ಒಳಗಿದ್ದರೆ ಕೆಲಸ ಆಯಿತು. ಜಾಗ ಖಚಿತವಾದ ಮೇಲೆ ಒಂದು ದಪ್ಪ ವಾಷರ್ ಇಟ್ಟು ಬ್ರಾಕೆಟ್‌ಗೆ ವೆಲ್ಡ್ ಮಾಡಿಬಿಡಿ. ಇಲ್ಲದಿದ್ದರೆ ಮೊದಲ ಗುಂಡಿಗೇ ಬೋಲ್ಟ್ ಜಾರುತ್ತದೆ. ಕ್ಯಾಂಬರ್ ಬದಲಾದರೆ ಟೋ (ಮೇಲಿಂದ ನೋಡಿದರೆ ಚಕ್ರದ ಮುಂದಿನ ಅಂಚು ಒಳಗೋ ಹೊರಗೋ ತಿರುಗಿರುವುದು) ಕೂಡ ಬದಲಾಗುತ್ತದೆ, ಅದನ್ನು ದಾರ ಕಟ್ಟಿ ಮತ್ತೆ ನೋಡಲೇಬೇಕು.

ಕುರ್ಲಾ_ಸ್ಪೇರ್ (ಮುಂಬೈ)

ಮಾಮಾ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆ ಹೊರಗಿನ ಎತ್ತಿನ ಮೊಣಕಾಲು ಅಂದರೆ ಹಬ್ ಬೇರಿಂಗ್. ರಸ್ತೆಯಲ್ಲಿ ವರ್ಷಗಟ್ಟಲೆ ಬರುವ ಬೇರಿಂಗ್ ಓವಲ್‌ನಲ್ಲಿ ಕೆಲವೇ ದಿನ ಬರುತ್ತದೆ, ಯಾಕೆಂದರೆ ತಳ್ಳುವ ಭಾರ ಯಾವಾಗಲೂ ಒಂದೇ ಕಡೆ. ನಾನು ಇಲ್ಲಿ ಸಿಎಸ್‌ಟಿ ರೋಡ್‌ನ ಹಳೆ ಸಾಮಾನಿನ ಸಾಲಿನಲ್ಲಿ 20 ವರ್ಷದಿಂದ ಇದ್ದೇನೆ. ಝೆನ್ ನಾಕಲ್, ಡ್ರೈವ್‌ಶಾಫ್ಟ್ ಇನ್ನೂ ಸಿಗುತ್ತವೆ. ಹಳೆ ನಾಕಲ್ ತನ್ನಿ, ಆದರೆ ಬೇರಿಂಗ್ ಯಾವತ್ತೂ ಹಳೆಯದು ತರಬೇಡಿ. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿ, ಹೊಸದು ಅಂತ ಕೊಟ್ಟವರನ್ನು ನಾನೇ ಕಂಡಿದ್ದೇನೆ. ಶುರುವಿನಲ್ಲಿ ನಾನೂ ಒಂದು ತಗೊಂಡಿದ್ದೆ. ಗಿರಾಕಿಯ ಗಾಡಿಗೆ ಹಾಕಿ, ಎರಡು ವಾರಕ್ಕೆ ಅವನು ವಾಪಸ್ ಬಂದ. ಆ ಮುಖ ಇವತ್ತಿಗೂ ನೆನಪಿದೆ.

ಪರೀಕ್ಷೆ ಹೀಗೆ ಮಾಡಿ. ಮುಂದೆ ಜಾಕ್ ಹಾಕಿ, ಸ್ಟ್ಯಾಂಡ್ ಇಡಿ. ಒಂದು ಕೈ ಕಾಯಿಲ್ ಸ್ಪ್ರಿಂಗ್ ಮೇಲೆ ಇಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಬೇರಿಂಗ್ ಹೋಗಿದ್ದರೆ ಕಿವಿಗೆ ಏನೂ ಕೇಳದಿದ್ದರೂ ಬೆರಳಿಗೆ ಗರಗರ ತಾಗುತ್ತದೆ. ಸ್ಪ್ರಿಂಗ್ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಆಮೇಲೆ ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಒಂದು ಚೂರು ಆಟ ಇದ್ದರೂ ಬಿಚ್ಚಿ.

ಹೊಸ ಬೇರಿಂಗ್ ಕೂರಿಸುವಾಗ ಸುತ್ತಿಗೆ ಬೇಡ, ಪ್ರೆಸ್ ಬೇಕು. ನಾಕಲ್ ಒಳಗೆ ತಳ್ಳುವಾಗ ಹೊರ ರೇಸ್ (ಬೇರಿಂಗ್‌ನ ಹೊರ ಬಳೆ) ಮೇಲೆ ಮಾತ್ರ ಒತ್ತಡ ಬೀಳಬೇಕು. ಹಬ್ ಹಾಕುವಾಗ ಒಳ ರೇಸ್‌ಗೆ ಕೆಳಗಿಂದ ಆಧಾರ ಕೊಡಬೇಕು. ಇದು ತಪ್ಪಿದರೆ ಒತ್ತಡ ಗುಂಡುಗಳ ಮೇಲೆ ಬಿದ್ದು ಬೇರಿಂಗ್ ಹುಟ್ಟುವಾಗಲೇ ಗಾಯ ಆಗಿರುತ್ತದೆ. ನೀವು ಲೇತ್ ಕೆಲಸದವರು, ಎರಡು ಸೈಜಿನ ಬುಷ್ ತಿರುಗಿಸಿಕೊಳ್ಳಿ. ಅರ್ಧ ಗಂಟೆಯ ಕೆಲಸ.

ಮತ್ತೆ, ಚಕ್ರದ ನಟ್ ಬಿಗಿ ಮಾಡಿದ ಮೇಲೆ ನಟ್‌ನಿಂದ ರಿಮ್‌ವರೆಗೆ ಹಳದಿ ಪೇಂಟಿನ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ ಸಡಿಲ ಆಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಮಡಗಾಂವ್_ಕೆಂಪುಮಣ್ಣು (ಗೋವಾ)

ಇಷ್ಟೆಲ್ಲ ಓದಿದೆ, ಒಂದು ಪ್ರಶ್ನೆ. ಯಾಕೆ ಎಡಕ್ಕೇ ತಿರುಗಿಸುತ್ತಿದ್ದೀರಿ? ಅಮೆರಿಕದಲ್ಲಿ ಡ್ರೈವರ್ ಎಡಗಡೆ ಕೂರುತ್ತಾನೆ. ಎಡಕ್ಕೆ ಸುತ್ತಿದರೆ ಅವನು ಮೈದಾನದ ಒಳಗಡೆ ಇರುತ್ತಾನೆ, ಗೋಡೆಯಿಂದ ದೂರ. ನಮ್ಮ ಗಾಡಿಯಲ್ಲಿ ಸ್ಟೀರಿಂಗ್ ಬಲಕ್ಕೆ. ಎಡಕ್ಕೆ ಸುತ್ತಿದರೆ ಬೇಲಿಗೆ ಮೊದಲು ಬಡಿಯುವುದು ನಿಮ್ಮ ಬಾಗಿಲು. ಆಸ್ಟ್ರೇಲಿಯಾದ ಸ್ಪೀಡ್‌ವೇಗಳಲ್ಲಿ ನಮ್ಮ ಹಾಗೇ ಬಲಗಡೆ ಸ್ಟೀರಿಂಗ್. ಅಲ್ಲಿ ಸೆಡಾನ್ ಗಾಡಿಗಳು ಹೆಚ್ಚಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೇ ಓಡುತ್ತವೆ.

ಇನ್ನೊಂದು ಲಾಭ ಇದೆ. ಓವಲ್‌ನಲ್ಲಿ ಭಾರ ಒಳಗಡೆ ಇದ್ದಷ್ಟೂ ಒಳ್ಳೆಯದು. ಬಲಕ್ಕೆ ಸುತ್ತಿದರೆ ಡ್ರೈವರ್‌ನ ಭಾರ ಖರ್ಚಿಲ್ಲದೆ ಸರಿಯಾದ ಜಾಗದಲ್ಲಿ ಇರುತ್ತದೆ.

ಚಿಂಚವಡ_ಮಾಮಾ (ಪುಣೆ)

ನೀವು ಹೇಳಿದ್ದು ಸರಿ. ನನಗೆ ಇದು ಹೊಳೆಯಲೇ ಇಲ್ಲ, ಅಲ್ಲಿ ನೋಡಿದ್ದನ್ನೇ ಇಲ್ಲಿ ಹೇಳಿಬಿಟ್ಟೆ. ಭೋಸರಿಯವರೇ, ಬಲಕ್ಕೆ ಸುತ್ತಿ. ಆಗ ಹೊರಗಿನ ಎತ್ತು ಎಡ ಮುಂದಿನ ಚಕ್ರ. ನಾನು ಹೊರಗಿನ ಚಕ್ರ ಅಂದದ್ದೆಲ್ಲ ಎಡಕ್ಕೆ, ಒಳಗಿನದ್ದೆಲ್ಲ ಬಲಕ್ಕೆ ಅಂತ ಓದಿಕೊಳ್ಳಿ. ಇಂಟರ್‌ನೆಟ್‌ನಲ್ಲಿ ಅಮೆರಿಕದವರು ಬರೆದದ್ದನ್ನು ಓದುವಾಗಲೂ ಕನ್ನಡಿಯಲ್ಲಿ ನೋಡಿದ ಹಾಗೆ ಓದಬೇಕು.

ಭೋಸರಿ_ಲೇತ್ (ಪುಣೆ)

ಬಲಕ್ಕೇ ಸುತ್ತುತ್ತೇನೆ. ಹೋದ ವಾರ ಬೇಲಿ ನನ್ನ ಬಾಗಿಲಿನಿಂದ ಎರಡು ಮೊಳ ದೂರ ಇತ್ತು. ಈಗ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ರೋಲ್ ಕೇಜ್ (ಗಾಡಿ ಉರುಳಿದರೆ ಡ್ರೈವರ್‌ನನ್ನು ಕಾಯುವ ಪೈಪಿನ ಪಂಜರ) ಬಗ್ಗೆಯೂ ಹೇಳಬೇಕು. ಒಂದು ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಾಡಿಸಿದೆ. ನೋಡಲು ಗಟ್ಟಿಯಾಗಿತ್ತು. ನಿನ್ನೆ ಬಣ್ಣ ಕೆರೆದು ನೋಡಿದರೆ ನೀರಿನ ಜಿಐ ಪೈಪ್. ವೆಲ್ಡ್ ಪಕ್ಕದಲ್ಲಿ ಬಿಳಿ ಪುಡಿ, ಒಂದು ಕಡೆ ಕೂದಲೆಳೆಯಷ್ಟು ಬಿರುಕು. ಪಾದಗಳನ್ನು ತೆಳು ಫ್ಲೋರ್ ಶೀಟಿಗೆ ನೇರ ವೆಲ್ಡ್ ಮಾಡಿದ್ದಾರೆ. ಇದನ್ನೇ ರಿಪೇರಿ ಮಾಡಿಸಬಹುದಾ?

ಹಡಪಸರ್_ವೆಲ್ಡ್ (ಪುಣೆ)

ಬೇಡ. ಕತ್ತರಿಸಿ ಗುಜರಿಗೆ ಹಾಕಿ. ದಯವಿಟ್ಟು ಅದರೊಳಗೆ ಕೂತು ಇನ್ನೊಂದು ಸುತ್ತೂ ಹೋಗಬೇಡಿ.

ನೀರಿನ ಪೈಪ್ ನೀರಿಗೆ. ಅದರ ಮೇಲಿನ ಸತು ವೆಲ್ಡ್ ಒಳಗೆ ಸೇರಿ ಜೋಡಣೆಯನ್ನು ಹಾಳು ಮಾಡುತ್ತದೆ. ಸುಡುವಾಗ ಬರುವ ಹೊಗೆ ವೆಲ್ಡರ್‌ಗೂ ವಿಷ. ಗಾಡಿ ಉರುಳಿದಾಗ ಆ ಪೈಪ್ ಬಾಗುವ ಮೊದಲೇ ವೆಲ್ಡ್ ಪಕ್ಕದಲ್ಲಿ ಮುರಿದು, ತುದಿ ಡ್ರೈವರ್ ಕಡೆ ಬರಬಹುದು. ಅಂಥ ಕೇಜ್‌ಗಿಂತ ಕೇಜ್ ಇಲ್ಲದೆ ಗಾಡಿ ನಿಲ್ಲಿಸುವುದೇ ವಾಸಿ.

ಜಗತ್ತಿನ ಮೋಟಾರ್ ರೇಸ್ ಸಂಸ್ಥೆ ಎಫ್‌ಐಎ ನಿಯಮದ 253ನೇ ವಿಧಿಯಲ್ಲಿ ಅಳತೆ ಸ್ಪಷ್ಟ ಇದೆ. ಕೋಲ್ಡ್ ಡ್ರಾನ್ ಸೀಮ್‌ಲೆಸ್ ಟ್ಯೂಬ್, ಕನಿಷ್ಠ 350 ಎಂಪಿಎ ಬಲ. ಡ್ರೈವರ್ ಹಿಂದಿನ ಮುಖ್ಯ ಬಳೆಗೆ 45 ಮಿಮೀ ವ್ಯಾಸ 2.5 ಮಿಮೀ ದಪ್ಪ, ಅಥವಾ 50ಕ್ಕೆ 2. ಉಳಿದ ಕಡ್ಡಿಗಳಿಗೆ 38ಕ್ಕೆ 2.5, ಅಥವಾ 40ಕ್ಕೆ 2. ಪಾದದ ಕೆಳಗೆ ಗಾಡಿಯ ಮೈಗೆ ಕನಿಷ್ಠ 3 ಮಿಮೀ ದಪ್ಪದ, 120 ಚದರ ಸೆಂಮೀ ವಿಸ್ತೀರ್ಣದ ಪ್ಲೇಟ್. ಭಾರ ಹರಡಬೇಕು, ಇಲ್ಲದಿದ್ದರೆ ಟ್ಯೂಬ್ ಫ್ಲೋರನ್ನು ತೂತು ಮಾಡಿಕೊಂಡು ಕೆಳಗೆ ಹೋಗುತ್ತದೆ. 20 ವರ್ಷ ಹಳೆ ಝೆನ್‌ನ ಫ್ಲೋರ್ ಬೇರೆ. ಮೊದಲು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ತುಕ್ಕು ಇದ್ದ ಕಡೆ ಹೊಸ ಶೀಟ್ ಕೂರಿಸಿದ ಮೇಲೆಯೇ ಪ್ಲೇಟ್.

ಹಳೆ ಗಾಡಿಯ ಸೀಟ್ ಬೆಲ್ಟ್ ಸಾಲದು. ಎಫ್‌ಐಎ ಗುರುತಿನ ಹಾರ್ನೆಸ್ (ಹೆಗಲು, ಸೊಂಟ ಎರಡನ್ನೂ ಹಿಡಿಯುವ ರೇಸ್ ಬೆಲ್ಟ್) ತಗೊಳ್ಳಿ, ಲೇಬಲ್‌ನಲ್ಲಿ ಮುಗಿಯುವ ವರ್ಷ ಇರುತ್ತದೆ, ಅದನ್ನು ನೋಡಿ. ಎಂಜಿನ್ ಆರಿಸುವ ಕಿಲ್ ಸ್ವಿಚ್ ಒಳಗೂ ಹೊರಗೂ ಕೈಗೆ ಸಿಗಬೇಕು. 2 ಕೆಜಿ ಬೆಂಕಿ ಆರಿಸುವ ಸಿಲಿಂಡರನ್ನು ಲೋಹದ ಪಟ್ಟಿಯಿಂದ ಬಿಗಿಯಿರಿ. ನಿಮ್ಮ 60 ಸಾವಿರದಲ್ಲಿ ಹೆಚ್ಚಿನದು ಇಲ್ಲೇ ಮುಗಿಯುತ್ತದೆ. ಮುಗಿಯಲಿ.

ನಾಳೆ ಎರಡು ಗಾಡಿ ಒಟ್ಟಿಗೆ ಬಿಟ್ಟು ಟಿಕೆಟ್ ಇಟ್ಟು ರೇಸ್ ಅಂತ ಮಾಡುವ ಯೋಚನೆ ಬಂದರೆ ಅದಕ್ಕೆ ನಮ್ಮ ದೇಶದ ಮೋಟಾರ್ ರೇಸ್ ಸಂಸ್ಥೆ ಎಫ್‌ಎಂಎಸ್‌ಸಿಐ ಪರವಾನಗಿ, ಲೈಸೆನ್ಸ್, ಆಂಬುಲೆನ್ಸ್ ಎಲ್ಲ ಬೇಕು. ಈ ಗಾಡಿಯನ್ನು ರಸ್ತೆಗೂ ತರಬೇಡಿ. ಫ್ಲಾಟ್‌ಬೆಡ್ ಮೇಲೆ ಒಯ್ಯಿರಿ.

ಡೊಂಬಿವಲಿ_ಧಾರವಾಡ (ಮುಂಬೈ)

ನಮ್ಮ ಮನೆಯಲ್ಲಿ ಅಪ್ಪನ ಮಾರುತಿ 800 ನಿಂತಿದೆ. 796 ಸಿಸಿ, ಮೂರು ಸಿಲಿಂಡರ್. ಇದಕ್ಕೆ ಆಗುತ್ತದಾ, ಇಲ್ಲ ನಾನೂ ಝೆನ್ ಹುಡುಕಬೇಕಾ? ಇನ್ನೊಂದು, ಡಿಫರೆನ್ಷಿಯಲ್ (ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ವೆಲ್ಡ್ ಮಾಡಿದರೆ ಎರಡೂ ಚಕ್ರ ಒಟ್ಟಿಗೆ ಎಳೆಯುತ್ತವೆ ಅಂತಾರೆ. ನಿಜವೇ?

ಚಿಂಚವಡ_ಮಾಮಾ (ಪುಣೆ)

800 ಚೆನ್ನಾಗಿ ಆಗುತ್ತದೆ. 650 ಕೆಜಿ ಆಸುಪಾಸಿನ ಗಾಡಿ, ಟೈರು ಬೇರಿಂಗ್ ಎಲ್ಲಕ್ಕೂ ಹಗುರ. ಅಪ್ಪನ ಗಾಡಿ ಅಂದಿರಿ, ಕತ್ತರಿ ಹಾಕುವ ಮುಂಚೆ ಅವರನ್ನು ಕೇಳಿ.

ವೆಲ್ಡ್ ಮಾಡಿದ ಡಿಫರೆನ್ಷಿಯಲ್ ಬಗ್ಗೆ. ಮತ್ತೆ ಹಂತಿಗೇ ಬನ್ನಿ. ಎರಡು ಎತ್ತುಗಳ ಕಾಲು ಕಟ್ಟಿ ಒಂದೇ ಹೆಜ್ಜೆ ಹಾಕು ಅಂದರೆ ಏನಾಗುತ್ತದೆ? 25 ಮೀಟರ್ ತಿರುವಿನಲ್ಲಿ ಹೊರ ಚಕ್ರ ಒಳ ಚಕ್ರಕ್ಕಿಂತ ನೂರಕ್ಕೆ 5 ಪಾಲು ಜಾಸ್ತಿ ದಾರಿ ನಡೆಯಬೇಕು. ವೆಲ್ಡ್ ಮಾಡಿದರೆ ಅದು ಆಗುವುದಿಲ್ಲ, ಗಾಡಿ ನೇರ ಹೋಗಲು ನೋಡುತ್ತದೆ. ಅದಕ್ಕೇ ಅಮೆರಿಕದವರು ಹೊರಗೆ ದೊಡ್ಡ ಟೈರು, ಒಳಗೆ ಸಣ್ಣ ಟೈರು ಹಾಕುತ್ತಾರೆ. ಸ್ಟ್ಯಾಗರ್ ಅಂತಾರೆ. 145/70 ಆರ್13 ಟೈರಿನ ಸುತ್ತಳತೆ 167 ಸೆಂಮೀ. ಅದರಲ್ಲಿ 5 ಪಾಲು ಅಂದರೆ 8 ಸೆಂಮೀ ವ್ಯತ್ಯಾಸ ಬೇಕು. ಹಾಗೆ ಮಾಡಿದರೆ ನೇರ ದಾರಿಯಲ್ಲಿ ಸ್ಟೀರಿಂಗ್ ಒಂದೇ ಕಡೆ ಎಳೆಯುತ್ತದೆ, ಸಿವಿ ಜಾಯಿಂಟ್ (ಡ್ರೈವ್‌ಶಾಫ್ಟ್ ತುದಿಯ ಬಾಗುವ ಕೀಲು) ಬೇಗ ಹೋಗುತ್ತದೆ. 60 ಹಾರ್ಸ್‌ಪವರ್‌ಗೆ ಇದೆಲ್ಲ ಬೇಡ. ಹಿಂದಿನ ಟೈರಿನ ಸ್ಟ್ಯಾಗರ್ ಬಗ್ಗೆ ಓದಿ ತಲೆ ಕೆಡಿಸಿಕೊಳ್ಳಲೂಬೇಡಿ. ನಮ್ಮ ಗಾಡಿಯ ಹಿಂದಿನ ಚಕ್ರಗಳು ಬಿಡಿಬಿಡಿಯಾಗಿ ಉರುಳುತ್ತವೆ, ಅಲ್ಲಿ ಟೈರು ಬದಲಿಸಿದರೆ ಎತ್ತರ ಮತ್ತು ಭಾರ ಮಾತ್ರ ಸ್ವಲ್ಪ ಬದಲಾಗುತ್ತದೆ.

ಅಲ್ಲಿ ನನಗೆ ತುಂಬ ಇಷ್ಟವಾದದ್ದು ಕ್ಲೇಮ್ ನಿಯಮ. ಕೆಲವು ಕ್ಲಾಸ್‌ಗಳಲ್ಲಿ, ಗೆದ್ದವನ ಎಂಜಿನ್ನನ್ನೋ ಗಾಡಿಯನ್ನೋ ಸೋತವನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳಬಹುದು. ಹಾಗಾಗಿ ಯಾರೂ ಲಕ್ಷಗಟ್ಟಲೆ ಸುರಿಯುವುದಿಲ್ಲ. ನೀವು ನಾಲ್ಕು ಜನ ಇದ್ದೀರಿ, ಈಗಲೇ ಒಂದು ಬೆಲೆ ಬರೆದಿಟ್ಟುಕೊಳ್ಳಿ. ಸಂಬಳದವರ ಆಟ ಸಂಬಳದವರ ಕೈಯಲ್ಲೇ ಉಳಿಯಬೇಕು.

ಮಡಗಾಂವ್_ಕೆಂಪುಮಣ್ಣು (ಗೋವಾ)

ಎಣ್ಣೆ ಮತ್ತು ಧೂಳಿನ ಬಗ್ಗೆ ಯಾರೂ ಬರೆದಿಲ್ಲ. 25 ಮೀಟರ್ ತಿರುವಿನಲ್ಲಿ 40 ಕಿಮೀ ವೇಗ ಅಂದರೆ ಅರ್ಧ ಜಿ, ಅಂದರೆ ಭಾರದ ಅರ್ಧದಷ್ಟು ಬಲ ಪಕ್ಕಕ್ಕೆ ತಳ್ಳುತ್ತದೆ. ಸಂಪ್‌ನಲ್ಲಿ (ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ಎಣ್ಣೆಯ ಮಟ್ಟ 27 ಡಿಗ್ರಿ ವಾಲುತ್ತದೆ. ರಸ್ತೆಯ ತಿರುವು ಎರಡು ಸೆಕೆಂಡ್, ನಿಮ್ಮದು ಪ್ರತಿ ಸುತ್ತಿಗೂ ಎರಡು ಸಲ ಆರೇಳು ಸೆಕೆಂಡ್. ಎಣ್ಣೆ ಒಂದು ಕಡೆ ನಿಂತು ಪಿಕಪ್ (ಎಣ್ಣೆ ಹೀರುವ ಕೊಳವೆ) ಗಾಳಿ ಎಳೆದರೆ ಎಂಜಿನ್ ಒಳಗಿನ ಬೇರಿಂಗ್ ಶೆಲ್ ಹೋಗುತ್ತದೆ. ತಿರುವಿನ ಕೊನೆಯಲ್ಲಿ ಎಣ್ಣೆಯ ಕೆಂಪು ದೀಪ ಒಂದು ಸಲ ಮಿಣುಕಿದರೂ ನಿಲ್ಲಿಸಿ. ಸಂಪ್ ಇಳಿಸಿ, ಪಿಕಪ್ ಸುತ್ತ ತಗಡಿನ ಅಡ್ಡಗೋಡೆ ವೆಲ್ಡ್ ಮಾಡಿ, ಕೆಳಗೆ ಸಣ್ಣ ಕಿಂಡಿ ಬಿಡಿ. ಅಲ್ಲಿಯವರೆಗೆ ಅರ್ಧ ಲೀಟರ್ ಜಾಸ್ತಿ ಹಾಕಿ ನಡೆಸಬಹುದು. ಅದಕ್ಕಿಂತ ಜಾಸ್ತಿ ಹಾಕಿದರೆ ಕ್ರ್ಯಾಂಕ್ ಬಡಿದು ನೊರೆ ಮಾಡುತ್ತದೆ.

ನಮ್ಮ ಕಡೆ ಜಂಬಿಟ್ಟಿಗೆ ಮಣ್ಣು. ಅದರ ಕೆಂಪು ಧೂಳು ಮುಖದ ಪೌಡರ್‌ನಷ್ಟು ನುಣುಪು, ಎಲ್ಲಿ ಬೇಕಾದರೂ ನುಗ್ಗುತ್ತದೆ. ಏರ್ ಫಿಲ್ಟರ್‌ನ ಬಾಯಿಯನ್ನು ಬಾನೆಟ್ ಅಂಚಿನವರೆಗೆ ಮೇಲೆತ್ತಿ, ಪ್ರತಿ ದಿನ ಸಂಜೆ ಬಿಚ್ಚಿ ಕೊಡವಿ. ನಿಮ್ಮ ಎರೆ ಮಣ್ಣಿನ ಕಥೆ ಬೇರೆ. ಗರಸು ಸರಿದು ಕೆಳಗಿನ ಮಣ್ಣು ಒದ್ದೆಯಾಗಿ ಮೇಲೆ ಬಂದರೆ ಅಂಟಿನ ಥರ ರೇಡಿಯೇಟರ್‌ಗೆ ಮೆತ್ತಿಕೊಂಡು ಒಣಗುತ್ತದೆ. ಮುಂದೆ ಜಾಲರಿ ಕಟ್ಟಿ. ಟ್ಯಾಂಕರ್ ನೀರನ್ನು ಹಿಂದಿನ ಸಂಜೆಯೇ ಹೊಡೆಸಿ, ಬೆಳಿಗ್ಗೆ ಬೇಡ. ರಾತ್ರಿ ಇಡೀ ಒಳಗೆ ಇಳಿದು ಮೇಲ್ಮೈ ಗಟ್ಟಿಯಾಗುತ್ತದೆ.

ಭೋಸರಿ_ಲೇತ್ (ಪುಣೆ)

ಆರು ವಾರದ ನಂತರ ಬರೆಯುತ್ತಿದ್ದೇನೆ. ಹಳೆ ಕೇಜ್ ಕತ್ತರಿಸಿದೆವು. ಹಡಪಸರ್‌ನವರು ಎರಡು ಶನಿವಾರ ನಮ್ಮ ಶೆಡ್‌ಗೇ ಬಂದು 45ರ ಟ್ಯೂಬಿನಲ್ಲಿ ಹೊಸದು ಮಾಡಿಕೊಟ್ಟರು. ಬಲ ಹಿಂಬದಿಯ ಫ್ಲೋರ್ ಚುಚ್ಚಿದಾಗ ಸ್ಕ್ರೂಡ್ರೈವರ್ ಸೀದಾ ನೆಲ ಮುಟ್ಟಿತು. ಅಲ್ಲಿ ಹೊಸ ಶೀಟ್ ಬಿತ್ತು. ಕೂಲಿ ಅಂತ ಒಂದು ರೂಪಾಯಿ ತಗೊಳ್ಳಲಿಲ್ಲ, ಹೆಂಡತಿ ಮಾಡಿದ ಜೋಳದ ರೊಟ್ಟಿ ಎಣ್ಣೆಗಾಯಿ ಊಟ ಮಾಡಿ ಹೋದರು.

ಆಮೇಲೆ ತೂಕ ಹಾಕಿದೆವು. ಬಾತ್‌ರೂಮ್ ತಕ್ಕಡಿ 150 ಕೆಜಿವರೆಗೆ ಮಾತ್ರ ತೋರಿಸುತ್ತದೆ. ಅದಕ್ಕೆ ಒಂದು ದಪ್ಪ ಹಲಗೆ ತಗೊಂಡೆ. ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ತಕ್ಕಡಿ ಮೇಲೆ, ನಡುವೆ 90 ಸೆಂಮೀ. ಚಕ್ರ ಇಟ್ಟಿಗೆಯಿಂದ 30 ಸೆಂಮೀ ದೂರ. ಆಗ ತಕ್ಕಡಿಗೆ ಮೂರರಲ್ಲಿ ಒಂದು ಪಾಲು ಬರುತ್ತದೆ, ಬಂದದ್ದನ್ನು ಮೂರರಿಂದ ಗುಣಿಸಿದರೆ ಆಯಿತು. ಹಲಗೆಯ ತೂಕ ಮೊದಲೇ ಕಳೆಯಬೇಕು, ಉಳಿದ ಮೂರು ಚಕ್ರವೂ ಅದೇ ಎತ್ತರದಲ್ಲಿ ಇರಬೇಕು.

ನಾನು ಸೀಟಿನಲ್ಲಿ ಕೂತಾಗ ಎಡ ಮುಂದೆ 248, ಬಲ ಮುಂದೆ 257, ಎಡ ಹಿಂದೆ 129, ಬಲ ಹಿಂದೆ 141. ಒಟ್ಟು 775 ಕೆಜಿ. ಬ್ಯಾಟರಿಯನ್ನು ಬಲ ಹಿಂಭಾಗಕ್ಕೆ ತಂದು, ಅಡ್ಡ ಹಾಕಿದ್ದ ಸಾಮಾನನ್ನೂ ಬಲಕ್ಕೆ ಸರಿಸಿದ ಮೇಲೆ 240, 253, 127, 155. ಬಲಗಡೆಯ ಪಾಲು ನೂರಕ್ಕೆ 51.4 ಇದ್ದದ್ದು 52.6 ಆಯಿತು. ಮೂಗಿನ ಮೇಲಿನ ಭಾರವೂ 12 ಕೆಜಿ ಇಳಿಯಿತು.

ಎಂಜಿನ್ನಿಗೆ ಹೊಸ ಪ್ಲಗ್, ಬೆಲ್ಟ್, ಎಣ್ಣೆ ಬಿಟ್ಟರೆ ಏನೂ ಹಾಕಿಲ್ಲ. ಸಂಪ್‌ಗೆ ಅಡ್ಡಗೋಡೆ ಮಾತ್ರ. ನಿನ್ನೆ ಬಲಕ್ಕೆ ಸುತ್ತಿದೆ. ಮೊದಲ ವಾರ ಒಳ್ಳೆಯ ಸುತ್ತು 27.4 ಸೆಕೆಂಡ್ ಇತ್ತು, ನಿನ್ನೆ 24.9. ಎಡಗಾಲಿನ ಬ್ರೇಕ್ ಕಲಿಯಲು ಮೂವತ್ತು ಸುತ್ತು ಬೇಕಾಯಿತು. ಆಮೇಲೆ ಒಂದು ತಿರುವಿನಲ್ಲಿ ಬಾಲ ಮೆಲ್ಲಗೆ ಜಾರಿತು, ಮೂಗು ಒಳಗಿನ ಅಂಚಿಗೆ ಬಂತು, ಬಲ ಹಿಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತ್ತು ಅಂತ ಗೆಳೆಯರು ಕೂಗಿ ಹೇಳಿದರು. ನನಗೆ ಗೊತ್ತಾದದ್ದು ಸ್ಟೀರಿಂಗ್ ಹಗುರಾದದ್ದು ಮಾತ್ರ.

ಸಂಜೆ ಜಾಕ್ ಹಾಕಿ ಎಡ ಮುಂದಿನ ಸ್ಪ್ರಿಂಗ್ ಮೇಲೆ ಕೈ ಇಟ್ಟೆ. ಕುರ್ಲಾದವರೇ, ಸಣ್ಣಗೆ ಗರಗರ ಶುರುವಾಗಿದೆ. ಅಲ್ಲಾಡಿಸಿದರೆ ಆಟ ಇಲ್ಲ.

ಕುರ್ಲಾ_ಸ್ಪೇರ್ (ಮುಂಬೈ)

ಆಟ ಬರುವವರೆಗೆ ಕಾಯಬೇಡಿ. ಎಡಗಡೆಯ ನಾಕಲ್ ಎರಡು ಎತ್ತಿಟ್ಟಿದ್ದೇನೆ. ಹೊಸ ಬೇರಿಂಗ್ ಡಬ್ಬಿ ಸೀಲ್ ಒಡೆಯದೆ ತರುತ್ತೇನೆ, ನಿಮ್ಮ ಕಣ್ಣೆದುರೇ ಒಡೆಯೋಣ. ಶನಿವಾರ ಬೆಳಿಗ್ಗೆ ಬಸ್ಸಿಗೆ ಹೊರಟರೆ ಮಧ್ಯಾಹ್ನಕ್ಕೆ ಭೋಸರಿ. ಬುಷ್ ತಿರುಗಿಸಿ ರೆಡಿ ಇಡಿ.

ಭೋಸರಿ_ಲೇತ್ (ಪುಣೆ)

ಬುಷ್ ಇವತ್ತೇ ತಿರುಗಿಸಿದೆ. ನಾಶಿಕ್ ಫಾಟಾದಲ್ಲಿ ಇಳಿದು ಫೋನ್ ಮಾಡಿ, ಕರೆದುಕೊಂಡು ಹೋಗಲು ಬರುತ್ತೇನೆ.